ಕಂಬಳಿ ಸುತ್ತಿದರೆ ಐಸ್ ಬೇಗ ಕರಗಬೇಕು ಅಲ್ವಾ?

ಹುಳಿಹಿಟ್ಟು: ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬುವುದಿಲ್ಲ ಅಂತ ಅಮ್ಮ ಪಾತ್ರೆಗೆ ಹಳೇ ಕಂಬಳಿ ಸುತ್ತಿ ಇಡುತ್ತಾರೆ. ಬೆಳಿಗ್ಗೆ ನೋಡಿದರೆ ಹಿಟ್ಟು ಮುಚ್ಚಳ ಎತ್ತಿರುತ್ತದೆ. ಕಂಬಳಿ ಬಿಸಿ, ಅದಕ್ಕೇ ಅಂದುಕೊಂಡಿದ್ದೆ. ಮೊನ್ನೆ ಜಾತ್ರೆಯಲ್ಲಿ ಗೋಲಾ ಮಾರುವವನು ಐಸ್ ಗಟ್ಟಿಯನ್ನು ಮರದ ಹೊಟ್ಟಿನಲ್ಲಿ ಹೂತು ಮೇಲೆ ಗೋಣಿಚೀಲ ಹೊದಿಸಿಟ್ಟಿದ್ದ. ಹೊದಿಸಿದರೆ ಬಿಸಿ ಆಗುವುದಾದರೆ ಐಸ್ ಕರಗಬೇಕಿತ್ತಲ್ಲ ಅಂತ ಮಗಳು ಕೇಳಿದಳು. ನಾನು ಬೆಬ್ಬೆಬ್ಬೆ ಅಂದೆ.

ಸಂಜೆಕಾಫಿ: ಕಂಬಳಿ ತಾನಾಗಿ ಏನನ್ನೂ ಬಿಸಿ ಮಾಡುವುದಿಲ್ಲ. ಒಂದು ಥರ್ಮಾಮೀಟರಿಗೆ ರಾತ್ರಿಯಿಡೀ ಕಂಬಳಿ ಹೊದಿಸಿ ಮಲಗಿಸಿ, ಕೋಣೆಯಲ್ಲಿ ಎಷ್ಟಿದೆಯೋ ಅಷ್ಟೇ ತೋರಿಸುತ್ತದೆ. ರುಬ್ಬುವಾಗ ಹಿಟ್ಟಿಗೆ ಹತ್ತಿದ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಐಸ್ ವಿಷಯದಲ್ಲಿ ಅದೇ ಕೆಲಸ ಉಲ್ಟಾ, ಜಾತ್ರೆಯ ಬಿಸಿಲು ಒಳಗೆ ನುಗ್ಗದಂತೆ ನೋಡಿಕೊಳ್ಳುತ್ತದೆ.

ತಾರಸಿಮನೆ: ಸರಿ, ಆದರೆ ನಿಜವಾಗಿ ತಡೆಯುವುದು ಉಣ್ಣೆಗಿಂತ ಅದರೊಳಗೆ ಸಿಕ್ಕಿಬಿದ್ದ ಗಾಳಿ. ಅಲ್ಲಾಡದ ಗಾಳಿಗಿಂತ ನೀರು ಸುಮಾರು 24 ಪಟ್ಟು ಜಾಸ್ತಿ ಬಿಸಿ ಸಾಗಿಸುತ್ತದೆ, ಅಲ್ಯುಮಿನಿಯಂ ಸಾವಿರಾರು ಪಟ್ಟು. ಥರ್ಮೋಕೋಲಿನಲ್ಲಿ 100ಕ್ಕೆ 95ಕ್ಕಿಂತ ಜಾಸ್ತಿ ಬರೀ ಗಾಳಿ. ಹಾಗಾದರೆ ಸುಮ್ನೆ ಸುತ್ತ ಗಾಳಿ ಇದ್ದರೆ ಸಾಲದಾ ಅಂದರೆ ಸಾಲದು, ಬಿಟ್ಟ ಗಾಳಿ ಸುತ್ತಾಡುತ್ತದೆ, ಸುತ್ತಾಡುವಾಗ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಅದನ್ನು ಸಣ್ಣ ಸಣ್ಣ ಸಂದಿಗಳಲ್ಲಿ ಕೂಡಿಹಾಕಬೇಕು. ಹೊಟ್ಟು, ಭತ್ತದ ಹುಲ್ಲು, ಹತ್ತಿ, ಉಣ್ಣೆ ಎಲ್ಲ ಮಾಡುವುದು ಇದನ್ನೇ. ನಮ್ಮಜ್ಜಿಯ ಹತ್ತಿ ಹಾಸಿಗೆ ನಾಲ್ಕು ವರ್ಷಕ್ಕೆ ಚಪ್ಪಟೆಯಾಗಿ ಹಲಗೆ ಥರ ಆಗುತ್ತಿತ್ತು, ಕೆಳಗಿನ ನೆಲದ ತಣ್ಣಗೆ ಬೆನ್ನಿಗೆ ಗೊತ್ತಾಗುತ್ತಿತ್ತು. ಬಿಲ್ಲು ಹಿಡಿದು ಹತ್ತಿ ಎಕ್ಕುವವನು ಬಂದು ಎಕ್ಕಿ ಕೊಟ್ಟರೆ ಮತ್ತೆ ಬೆಚ್ಚಗೆ. ಒಂದು ಹಿಡಿ ಹೊಸ ಹತ್ತಿಯನ್ನೂ ಸೇರಿಸುತ್ತಿರಲಿಲ್ಲ.

ಅಡ್ಯಾರ್ ಕನ್ನಡಿಗ: ಈ ಹೊಟ್ಟಿನ ಕಥೆ ದೊಡ್ಡದು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಕೊಳದ ಐಸನ್ನು ಹಡಗಿಗೆ ತುಂಬಿ ಕಲ್ಕತ್ತೆಗೆ ಕಳಿಸಿದರು. ನಾಲ್ಕು ತಿಂಗಳ ದಾರಿ, ಎರಡು ಸಲ ಸಮಭಾಜಕ ದಾಟಬೇಕು. ಹೊರಟದ್ದು ಸುಮಾರು 180 ಟನ್, ಬಂದು ಮುಟ್ಟಿದ್ದು ಸುಮಾರು 100. ಫ್ರಿಜ್ ಇಲ್ಲ ಏನಿಲ್ಲ. ಆಮೇಲೆ ಮದರಾಸಿಗೂ ಬರುತ್ತಿತ್ತು, ಅದನ್ನು ಇಡಲು ಕಟ್ಟಿದ ಐಸ್ ಹೌಸ್ ಮರೀನಾ ಎದುರಿಗೆ ಈಗಲೂ ಇದೆ, ಈಗ ಅದು ವಿವೇಕಾನಂದರ್ ಇಲ್ಲಂ, ಅಂದರೆ ಸ್ವಾಮಿ ವಿವೇಕಾನಂದರ ಸ್ಮಾರಕ.

ಹುಳಿಹಿಟ್ಟು: ಮಗಳ ಜೊತೆ ಮಾಡಿ ನೋಡಿದೆ. ಎರಡು ಐಸ್ ತುಂಡು, ಒಂದು ಹಾಗೇ ತಟ್ಟೆಯಲ್ಲಿ, ಒಂದು ನನ್ನ ಉಣ್ಣೆ ಕಾಲುಚೀಲದೊಳಗೆ. ತಟ್ಟೆಯದ್ದು ನೀರಾಗಿ ಹೋದಾಗ ಕಾಲುಚೀಲದ್ದು ಇನ್ನೂ ಅರ್ಧದಷ್ಟು ಉಳಿದಿತ್ತು. ಆಮೇಲೆ ಅದೂ ಬೇಗ ಮುಗಿಯಿತು, ಕಾಲುಚೀಲ ತೊಪ್ಪೆ.

ತಾರಸಿಮನೆ: ನೆನೆದರೆ ಗಾಳಿ ಇದ್ದ ಸಂದಿಗೆಲ್ಲ ನೀರು ಬಂದು ಕೂರುತ್ತದೆ, ಆ 24 ಪಟ್ಟು ನೆನಪಿದೆಯಲ್ಲ. ಮುಂದಿನ ಸಲ ಐಸನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಆಮೇಲೆ ಕಾಲುಚೀಲಕ್ಕೆ ಹಾಕಿ. ಒಗೆದ ಕಾಲುಚೀಲ ಆದರೆ ಒಳ್ಳೆಯದು.