ಕಡಿಮೆ ದುಡ್ಡಿನಲ್ಲಿ ಮನೆಗೊಂದು ಕಂಪ್ಯೂಟರ್: ಯಾವುದಕ್ಕೆ ಖರ್ಚು ಮಾಡಬೇಕು, ಯಾವುದನ್ನು ಮುಂದಕ್ಕೆ ಹಾಕಬಹುದು?

ಮನೆಗೆ ಒಂದು ಕಂಪ್ಯೂಟರ್ ಜೋಡಿಸಬೇಕು. ಮಗಳ ಓದು, ನನ್ನ ಆಫೀಸ್ ಕೆಲಸ, ಆಗಾಗ ಸ್ವಲ್ಪ ವಿಡಿಯೋ ಎಡಿಟಿಂಗ್, ಬಿಡುವಿದ್ದಾಗ ಒಂದೆರಡು ಗೇಮ್. ಮಾನಿಟರ್, ಕೀಬೋರ್ಡ್ ಇವೆ. ಕೈಯಲ್ಲಿರುವ ದುಡ್ಡು ಕಡಿಮೆ. ಪ್ರೊಸೆಸರ್‌ಗೆ ಜಾಸ್ತಿ ಹಾಕಲಾ, ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಲಾ ಗೊತ್ತಾಗುತ್ತಿಲ್ಲ. ಸ್ವಂತ ಜೋಡಿಸಿಕೊಂಡವರು ದಯವಿಟ್ಟು ಅನುಭವ ಹೇಳಿ.

* * *

ನಮ್ಮ ಮನೆಗೂ ನೆಂಟರಿಗೂ ಕೆಲವು ಜೋಡಿಸಿಕೊಟ್ಟಿದ್ದೇನೆ, ಅದರ ಮೇಲೆ ಹೇಳುತ್ತೇನೆ. ಯಾವ ಭಾಗವನ್ನು ಆಮೇಲೆ ಬದಲಿಸೋದು ಕಷ್ಟವೋ ಅದಕ್ಕೆ ಮೊದಲು ದುಡ್ಡು ಹಾಕಿ. ಮದರ್‌ಬೋರ್ಡ್ ಬದಲಿಸಬೇಕೆಂದರೆ ಇಡೀ ಮೆಷಿನ್ ಬಿಚ್ಚಬೇಕು. ಗ್ರಾಫಿಕ್ಸ್ ಕಾರ್ಡ್ ಹಾಗಲ್ಲ, ಮುಂದೆ ಕೈಗೆ ದುಡ್ಡು ಬಂದಾಗ ತಂದು ಸ್ಲಾಟ್‌ಗೆ ಕೂರಿಸಿ ಕೇಬಲ್ ಹಾಕಿದರೆ ಆಯ್ತು.

ಹಾಗಾಗಿ ಈಗ ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ತಗೊಳ್ಳಿ. ಎಎಮ್‌ಡಿ ಕಂಪನಿಯ ರೈಝನ್ 5 5600ಜಿ ನೋಡಿ: 6 ಕೋರ್ (ಕೆಲಸ ಮಾಡುವ ಘಟಕ), 12 ಥ್ರೆಡ್ (ಒಂದೇ ಸಲ ನಡೆಸಬಹುದಾದ ಕೆಲಸ), 65 ವ್ಯಾಟ್, ಬಾಕ್ಸ್‌ನಲ್ಲೇ ಕೂಲರ್ ಬರುತ್ತದೆ. ಓದು, ಆಫೀಸ್ ಕೆಲಸಕ್ಕೆ ಧಾರಾಳ, 1080ಪಿ ವಿಡಿಯೋ ಎಡಿಟಿಂಗ್ ನಡೆಯುತ್ತದೆ, ಹಗುರವಾದ ಗೇಮ್‌ಗಳೂ ಓಡುತ್ತವೆ. ಸ್ವಲ್ಪ ಜಾಸ್ತಿ ಹಾಕೋಕೆ ಆಗುತ್ತೆ ಅಂದ್ರೆ 8600ಜಿ. ಅದು ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗದ ಹೊಸ ಬಗೆ, ಎಎಮ್5 ಸಾಕೆಟ್‌ನದು. ಎಎಮ್5ಗೆ ಕನಿಷ್ಠ 2027ರ ತನಕ ಹೊಸ ಪ್ರೊಸೆಸರ್ ಕೊಡುತ್ತೇವೆ ಅಂತ ಎಎಮ್‌ಡಿಯವರೇ ಹೇಳಿದ್ದಾರೆ, ಹಾಗಾಗಿ ಅದೇ ಬೋರ್ಡ್‌ನಲ್ಲಿ ಮುಂದೆ ಪ್ರೊಸೆಸರ್ ಮಾತ್ರ ಬದಲಿಸಬಹುದು. ಆದರೆ ಅದಕ್ಕೆ ಡಿಡಿಆರ್5 ಅನ್ನೋ ಹೊಸ ಬಗೆಯ ರ‍್ಯಾಮೇ ಬೇಕು, ಮತ್ತೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಹೇಗೆ ಏರಿದೆ ಅಂತ ನೋಡಿದ್ದೀರಲ್ಲ. ಮನೆಯಲ್ಲಿ ಹಳೇ ಡೆಸ್ಕ್‌ಟಾಪ್‌ನ ಡಿಡಿಆರ್4 ರ‍್ಯಾಮ್ ಬಿದ್ದಿದ್ದರೆ ಎರಡನೇ ಯೋಚನೆಯೇ ಬೇಡ, 5600ಜಿ ತಗೊಂಡು ಅದನ್ನೇ ಬಳಸಿ. ಲ್ಯಾಪ್‌ಟಾಪ್‌ನದು ಆಗಲ್ಲ, ಅದು ಗಾತ್ರದಲ್ಲೇ ಚಿಕ್ಕದು.

ಹೆಸರಿನ ಕೊನೆಯ ಅಕ್ಷರ ನೋಡೋದು ಮರೀಬೇಡಿ. 5600ಜಿಯಲ್ಲಿ ಗ್ರಾಫಿಕ್ಸ್ ಇದೆ, ಬರೀ 5600ರಲ್ಲಿ ಇಲ್ಲ. ಇಂಟೆಲ್‌ನಲ್ಲಿ ಐ5-12400ರಲ್ಲಿ ಇದೆ, 12400ಎಫ್‌ನಲ್ಲಿ ಇಲ್ಲ. ಎಫ್ ಸ್ವಲ್ಪ ಅಗ್ಗ ಅಂತ ತಂದು, ಕಾರ್ಡ್ ಇಲ್ಲದೆ ಆನ್ ಮಾಡಿ, ಮಾನಿಟರ್‌ನಲ್ಲಿ ಏನೂ ಬರ್ತಿಲ್ಲ ಅಂತ ನನಗೆ ಫೋನ್ ಮಾಡಿದವರಿದ್ದಾರೆ.

ಇನ್ನೊಂದು ಮುಖ್ಯ ವಿಷಯ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರೋದಿಲ್ಲ, ರ‍್ಯಾಮ್‌ನಲ್ಲೇ ಪಾಲು ತಗೊಳ್ಳುತ್ತದೆ. ಅದಕ್ಕೇ 16 ಜಿಬಿಯ ಒಂದೇ ಕಡ್ಡಿ ಬೇಡ, 8ರ ಎರಡು ಹಾಕಿ, ಆಗ ಡೇಟಾ ಎರಡು ದಾರಿಯಲ್ಲಿ ಓಡಾಡುತ್ತದೆ. ಗೇಮ್‌ನಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು. ಎರಡೂ ತುದಿಯಲ್ಲಿ ಟಕ್ ಅಂತ ಕೂರೋವರೆಗೂ ಒತ್ತಿ. ಆಮೇಲೆ ಬಯೋಸ್‌ಗೆ (ಬೋರ್ಡ್‌ನ ಒಳಗಿನ ಸೆಟ್ಟಿಂಗ್ ಪುಟ) ಹೋಗಿ, ರ‍್ಯಾಮ್ ಅನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿ, ಎಎಮ್5 ಆದರೆ ಎಕ್ಸ್‌ಪೋ. ಮಾಡದಿದ್ದರೆ ನೀವು ದುಡ್ಡು ಕೊಟ್ಟ 3200ರ ರ‍್ಯಾಮ್ ಎಷ್ಟೋ ಸಲ 2133 ಇಲ್ಲವೇ 2666ರಲ್ಲೇ ಓಡುತ್ತಿರುತ್ತದೆ, ಯಾರೂ ಬಂದು ಹೇಳೋದಿಲ್ಲ.

* * *

ಮೇಲಿನವರು ಹೇಳಿದ್ದು ಸರಿ, ಆದರೆ ಒಂದು ಮಾತು. ಗೇಮ್ ನಿಜವಾಗಿ ಮುಖ್ಯವಾದರೆ, ಕಾರ್ಡ್ ಆರು ತಿಂಗಳೊಳಗೆ ತರೋದು ಖಂಡಿತ ಅಂತಿದ್ದರೆ, 5600ಜಿ ನನಗೆ ಇಷ್ಟವಿಲ್ಲ. ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರದು 32. ಕಾರ್ಡ್ ಪ್ರೊಸೆಸರ್ ಜೊತೆ ಮಾತಾಡುವ ದಾರಿ, ಪಿಸಿಐಇ ಕೂಡ ಹಳೇ 3.0 ಮಾತ್ರ. ಕಾರ್ಡ್ ಹಾಕಿದ ಮೇಲೆ ಗೇಮ್‌ನಲ್ಲಿ 5600 ಮುಂದೆ ಇರುತ್ತದೆ. ಅಂಥವರು ಸ್ವಲ್ಪ ಕಾದು 5600 ಜೊತೆಗೆ ಆರ್‌ಎಕ್ಸ್ 6600 ಥರದ ಗ್ರಾಫಿಕ್ಸ್ ಕಾರ್ಡ್ ಒಟ್ಟಿಗೇ ತಗೊಳ್ಳೋದು ಒಳ್ಳೇದು. ನಿಮ್ಮದು ಓದು ಮತ್ತು ಆಫೀಸ್ ಕೆಲಸ ಮೊದಲು, ಗೇಮ್ ಆಮೇಲೆ ಅಲ್ವಾ, ಹಾಗಾಗಿ ನಿಮಗೆ 5600ಜಿಯೇ ಸರಿ.

* * *

ಪವರ್ ಸಪ್ಲೈ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದಿದ್ದನ್ನು ದಯವಿಟ್ಟು ಬಳಸಬೇಡಿ. ನನ್ನ ತಮ್ಮನ ಮೆಷಿನ್ ಬರೆಯೋಕೆ, ಓದೋಕೆ ಕೂತಾಗ ಸರಿ ಇರುತ್ತಿತ್ತು, ಗೇಮ್ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಒಂದು ಎರರ್ ಕೂಡ ತೋರಿಸದೆ ರೀಸ್ಟಾರ್ಟ್ ಆಗುತ್ತಿತ್ತು. ವಿಂಡೋಸ್ ಮತ್ತೆ ಹಾಕಿದ್ವಿ, ರ‍್ಯಾಮ್ ಬದಲಿಸಿ ನೋಡಿದ್ವಿ. ಕೊನೆಗೆ ಒಳ್ಳೇ ಪವರ್ ಸಪ್ಲೈ ಹಾಕಿದ ದಿನದಿಂದ ಒಂದು ಸಲವೂ ಹಾಗೆ ಆಗಿಲ್ಲ.

ವ್ಯಾಟ್ ಸಂಖ್ಯೆ ನೋಡಿ ಮರುಳಾಗಬೇಡಿ. ಆರ್‌ಎಕ್ಸ್ 6600 ಕಾರ್ಡ್‌ಗೆ 132 ವ್ಯಾಟ್, 65 ವ್ಯಾಟ್‌ನ ಪ್ರೊಸೆಸರ್, ಉಳಿದದ್ದಕ್ಕೆ ಇನ್ನೊಂದಿಷ್ಟು. ಒಳ್ಳೇ 550 ವ್ಯಾಟ್‌ನದು ಬೇಕಾದಷ್ಟಾಯ್ತು. 80 ಪ್ಲಸ್ ಬ್ರಾಂಜ್ ಅನ್ನೋದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನೋದರ ಗುರುತು ಅಷ್ಟೇ, ಒಳಗಿನ ಕೆಪಾಸಿಟರ್ ಹೇಗಿವೆ, ಶಾರ್ಟ್ ಆದರೆ ಕಟ್ ಆಗುತ್ತದಾ ಅಂತ ಅದು ಹೇಳೋದಿಲ್ಲ. ವಾರಂಟಿ 5 ವರ್ಷ ಇದೆಯಾ, ಗ್ರಾಫಿಕ್ಸ್ ಕಾರ್ಡ್‌ಗೆ 8 ಪಿನ್ ಕೇಬಲ್ ಇದೆಯಾ ನೋಡಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಪ್ರೊಸೆಸರ್ ತಗೊಳ್ಳಿ, ರ‍್ಯಾಮ್ ತಗೊಂಡು ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಓಡಿಸಿ ನೋಡಿ. ಪವರ್ ಸಪ್ಲೈ ಮಾತ್ರ ಹೊಸದೇ ಇರಲಿ.

* * *

ಎಲ್ಲರಿಗೂ ಥ್ಯಾಂಕ್ಸ್. 5600ಜಿ ಅಂತ ತೀರ್ಮಾನಿಸಿದೆ. ಫೈಲ್ ಇಡೋಕೆ ಎಸ್‌ಎಸ್‌ಡಿ ಯಾವುದು? 7000 ಎಂಬಿ ವೇಗ ಅಂತ ಬರೆದಿರೋದಕ್ಕೆ ಜಾಸ್ತಿ ಕೊಡಬೇಕಾ? ಮತ್ತೆ ಬಿ550 ಬೋರ್ಡಾ, ಎ520 ಸಾಕಾ?

* * *

7000ದ್ದು ಬೇಡ. 5600ಜಿ ಜೊತೆ ಎಸ್‌ಎಸ್‌ಡಿಗೂ ಪಿಸಿಐಇ 3.0 ವೇಗ ಮಾತ್ರ ಸಿಗುತ್ತದೆ, ಅಂದರೆ ಸೆಕೆಂಡ್‌ಗೆ ಸುಮಾರು 3500 ಎಂಬಿ. ಸುಮ್ನೆ ದುಡ್ಡು ದಂಡ. ಆ ಉಳಿತಾಯದಲ್ಲಿ 500 ಜಿಬಿ ಬದಲು 1 ಟಿಬಿ ತಗೊಳ್ಳಿ, ವಿಡಿಯೋ ಫೈಲ್‌ಗಳು ಬೇಗ ಜಾಗ ತಿನ್ನುತ್ತವೆ. ಎಂ.2 (ಬೋರ್ಡ್‌ಗೇ ಕೂರುವ ಪಟ್ಟಿಯಂಥ ಆಕಾರ) ಅಂತ ಬರೆದಿರೋದೆಲ್ಲ ವೇಗದ ಎನ್‌ವಿಎಂಇ ಬಗೆಯದಲ್ಲ, ಎಂ.2 ಆಕಾರದಲ್ಲೇ ಹಳೇ ಬಗೆಯ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, ಅದು 550 ಎಂಬಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಳಗಿನ ಮೆಮೊರಿ ಚಿಪ್ ಕ್ಯೂಎಲ್‌ಸಿ ಬದಲು ಟಿಎಲ್‌ಸಿ ಬಗೆಯದು ಸಿಕ್ಕರೆ ಅದೇ ಇರಲಿ, ದೊಡ್ಡ ಫೈಲ್ ಕಾಪಿ ಮಾಡುವಾಗ ನಡುವೆ ಅಷ್ಟು ನಿಧಾನ ಆಗೋದಿಲ್ಲ.

ಬೋರ್ಡ್ ವಿಷಯಕ್ಕೆ, ಬಜೆಟ್ ಇಷ್ಟೇ ಅಂದ್ರೆ ಎ520 ಸಾಕು. ನಾಲ್ಕು ರ‍್ಯಾಮ್ ಸ್ಲಾಟ್, ಎರಡು ಎಂ.2 ಬೇಕಿದ್ದರೆ ಮಾತ್ರ ಬಿ550. ಯಾವುದಾದರೂ ಆಗಲಿ, ಅಂಗಡಿಯಲ್ಲಿ ತುಂಬಾ ದಿನ ಕೂತಿದ್ದ ಹಳೇ ಸ್ಟಾಕ್ ಆಗಿದ್ದರೆ ಅದರ ಬಯೋಸ್ 2021ರಲ್ಲಿ ಬಂದ 5600ಜಿಯನ್ನು ಗುರುತಿಸದೆ ಹೋಗಬಹುದು. ಬೋರ್ಡ್ ಕಂಪನಿಯ ಪಟ್ಟಿಯಲ್ಲಿ ಈ ಪ್ರೊಸೆಸರ್‌ಗೆ ಯಾವ ಬಯೋಸ್ ಬೇಕು ಅಂತ ಇರುತ್ತದೆ. ಅದನ್ನು ಬರೆದುಕೊಂಡು, ಕೊಡುವ ಮುಂಚೆ ಅಪ್‌ಡೇಟ್ ಮಾಡಿಕೊಡಿ ಅಂತ ಅಂಗಡಿಯವರಿಗೇ ಹೇಳಿ.