‘ಅಪ್ಯಾರೆಂಟ್ಲಿ’ ಎಂದರೆ ‘ಸ್ಪಷ್ಟವಾಗಿ’ ಎಂದೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮಿಂದ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕೊಂಡ ಹೊರರಾಜ್ಯದ ವ್ಯಾಪಾರಿಯೊಬ್ಬರು ಕಳಿಸಿದ ಹಣದಲ್ಲಿ 4,200 ರೂಪಾಯಿ ಕಡಿಮೆ ಇತ್ತು. ‘ದಿ ಅಮೌಂಟ್ ಈಸ್ ಅಪ್ಯಾರೆಂಟ್ಲಿ ಶಾರ್ಟ್’ ಎಂದು ಬರೆದೆ. ‘ಮೊದಲು ನಿಮ್ಮ ಲೆಕ್ಕ ಖಚಿತ ಮಾಡಿಕೊಳ್ಳಿ’ ಎಂಬ ಉತ್ತರ ಬಂತು. ಪದಕೋಶದಲ್ಲಿ ‘ಸ್ಪಷ್ಟವಾಗಿ’ ಎಂಬ ಅರ್ಥವಿದೆಯಲ್ಲ, ನಾನು ಬರೆದದ್ದರಲ್ಲಿ ತಪ್ಪೇನು?

ಉತ್ತರ: ಪದಕೋಶ ಸುಳ್ಳು ಹೇಳಿಲ್ಲ; ಹಿಂದಿನವರ ಇಂಗ್ಲಿಷಿನಲ್ಲಿ ಆ ಅರ್ಥ ಇತ್ತು. ‘ಕಾಣಿಸು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಈ ಪದ ಕಣ್ಣಿಗೆ ಕಾಣುವಷ್ಟು ನಿಚ್ಚಳವಾದದ್ದನ್ನೂ ಹೇಳುತ್ತಿತ್ತು, ಬರೀ ಹಾಗೆ ಕಾಣುವುದನ್ನೂ ಹೇಳುತ್ತಿತ್ತು. ‘ಇಟ್ ಈಸ್ ಅಪ್ಯಾರೆಂಟ್ ದ್ಯಾಟ್’ ಎಂದಾಗ ಇಂದಿಗೂ ‘ಸ್ಪಷ್ಟವಾಗಿದೆ’ ಎಂದೇ ಅರ್ಥ. ಆದರೆ ಕೊನೆಗೆ ‘ಲಿ’ ಸೇರಿ ಕ್ರಿಯಾವಿಶೇಷಣವಾದ ಕೂಡಲೇ ಇಂದಿನ ಬಳಕೆಯಲ್ಲಿ ಅದು ನಮ್ಮ ‘ಅಂತೆ’ಯಾಗುತ್ತದೆ. ಹೀಗಾಗಿ ನೀವು ಬರೆದದ್ದು ‘ಹಣ ಕಡಿಮೆ ಇದೆಯಂತೆ’ ಎಂದಾಯಿತು. ತನ್ನ ಲೆಕ್ಕವನ್ನೇ ‘ಅಂತೆ’ ಎನ್ನುವವರಿಗೆ ಆ ವ್ಯಾಪಾರಿ ಇನ್ನೇನು ಉತ್ತರ ಕೊಟ್ಟಾರು!

ಈ ‘ಅಂತೆ’ಯ ಗುಣವನ್ನು ಕನ್ನಡಿಗರಿಗೆ ಕಲಿಸಬೇಕಾಗಿಲ್ಲ. ‘ಚಿಕ್ಕವಳಿದ್ದಾಗ ನಾನು ಮಾರಿಕಾಂಬಾ ಜಾತ್ರೆಯಲ್ಲಿ ತಪ್ಪಿಸಿಕೊಂಡಿದ್ದೆನಂತೆ’ ಎಂದು ನಾನು ಹೇಳಿದರೆ, ತಪ್ಪಿಸಿಕೊಂಡವಳು ನಾನೇ ಆದರೂ ನನಗೆ ಅದರ ನೆನಪಿಲ್ಲ, ಆಯಿ ಹೇಳಿದ್ದರಿಂದ ಗೊತ್ತು ಎಂಬುದೆಲ್ಲ ಆ ಒಂದು ಪ್ರತ್ಯಯದಲ್ಲೇ ಬಂದುಬಿಡುತ್ತದೆ. ಇದೇ ಮಾತನ್ನು ಇಂಗ್ಲಿಷಿನವರು ‘ಅಪ್ಯಾರೆಂಟ್ಲಿ ಐ ಗಾಟ್ ಲಾಸ್ಟ್’ ಎಂದು ಶುರುಮಾಡುತ್ತಾರೆ. ‘ಅವರು ಬಹಳ ಬ್ಯುಸಿಯಂತೆ’ ಎಂಬಲ್ಲಿನ ಕೊಂಕು ಕೂಡ ಎರಡೂ ಭಾಷೆಗಳಲ್ಲಿ ಒಂದೇ.

ಆದರೂ ಹೊಂದಿಕೆ ಪೂರ್ತಿಯಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗ ಅಂಗಳ ಒದ್ದೆಯಾಗಿದ್ದರೆ ನಾವು ‘ರಾತ್ರಿ ಮಳೆ ಬಂದಂತಿದೆ’ ಎನ್ನುತ್ತೇವೆಯೇ ಹೊರತು ‘ಬಂತಂತೆ’ ಎನ್ನುವುದಿಲ್ಲ, ಏಕೆಂದರೆ ಯಾರೂ ಹೇಳಿದ್ದಲ್ಲ, ಗುರುತು ಕಂಡು ಊಹಿಸಿದ್ದು. ಇಂಗ್ಲಿಷಿನಲ್ಲಿ ಇದಕ್ಕೂ ‘ಅಪ್ಯಾರೆಂಟ್ಲಿ’ ಸಲ್ಲುತ್ತದೆ.

ನಿಮ್ಮ ಪತ್ರಕ್ಕೆ ‘ಕ್ಲಿಯರ್ಲಿ’ ಹಾಕಬಹುದು, ಆದರೆ ಅದು ಜಗಳಕ್ಕೆ ನಿಂತಂತೆ ಕೇಳುತ್ತದೆ. ವಿಶೇಷಣ ಬಿಟ್ಟು, ಬಿಲ್ಲಿನ ಮೊತ್ತ ಇಷ್ಟು, ಜಮಾ ಆದದ್ದು ಇಷ್ಟು, ಬಾಕಿ 4,200 ಎಂದಷ್ಟೇ ಬರೆಯುವುದು ಮೇಲು.

ಇನ್ನೊಬ್ಬರ ಪ್ರಶ್ನೆ: ಮೇಡಂ, ಹಾಗಾದರೆ ‘ಪ್ರಿಸ್ಯೂಮಬ್ಲಿ’ಯೂ ಇದೇ ತಾನೇ? ನಾನು ಕಾರವಾರದವನು, ಎರಡನ್ನೂ ಒಂದೇ ಎಂದುಕೊಂಡಿದ್ದೆ.

ಉತ್ತರ: ಅಲ್ಲ. ನಿಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಜುಲೈ ತಿಂಗಳಲ್ಲಿ ಶಿರಸಿಯಲ್ಲಿ ಕುಳಿತ ನಾನು ‘ಟ್ರಾಲ್ ಬೋಟುಗಳೆಲ್ಲ ಬೈತಖೋಲ ಬಂದರಿನಲ್ಲೇ ಇರಬೇಕು’ ಎಂದರೆ, ನೋಡಿಯೂ ಇಲ್ಲ, ಕೇಳಿಯೂ ಇಲ್ಲ, ನಿಯಮ ಗೊತ್ತಿರುವುದರಿಂದ ತರ್ಕಿಸಿದ್ದು. ಅದು ‘ಪ್ರಿಸ್ಯೂಮಬ್ಲಿ’. ನೀವು ಫೋನಿನಲ್ಲಿ ತಿಳಿಸಿದ ಮೇಲೆ ಅದನ್ನೇ ನಾನು ಪಕ್ಕದ ಮನೆಯವರಿಗೆ ‘ಬಂದರಿನಲ್ಲೇ ಇವೆಯಂತೆ’ ಎಂದರೆ ‘ಅಪ್ಯಾರೆಂಟ್ಲಿ’. ದಕ್ಕೆಯ ಮೇಲೆ ನಿಂತು ನೋಡುತ್ತಿರುವ ನಿಮಗೆ ಎರಡೂ ಬೇಡ.