ಅಪ್‌ಡೇಟ್: ಹೊಸ ಪ್ಲೇಯರ್ ತಗೊಳ್ಳಲಿಲ್ಲ, ಹಳೇ ಫೋನೇ ಸಾಕಾಯ್ತು

ಎಂಪಿ3 ಪ್ಲೇಯರ್ ಬ್ಯಾಟರಿ ಊದಿಕೊಂಡಿದೆ, ಹೊಸದು ತಗೊಳ್ಳಲಾ ಇಲ್ಲ ಫೋನಲ್ಲೇ ಹಾಡು ಕೇಳಲಾ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ಆಪಲ್ ಕಂಪನಿಯ ಪ್ಲೇಯರ್ ಐಪಾಡ್ ತಯಾರಿಕೆ ಅಂತೂ 2022ರಲ್ಲೇ ನಿಂತುಹೋಯಿತು. ಈಗ ಸಿಗುವ ಒಳ್ಳೆ ಪ್ಲೇಯರ್‌ಗಳ ಬೆಲೆಗೆ ಒಂದು ಫೋನೇ ಬರುತ್ತದೆ.

ಹಾಗಾಗಿ, ನಿಮ್ಮಲ್ಲಿ ಒಬ್ಬರು ಹೇಳಿದಂತೆ, ಬೀರುವಿನಲ್ಲಿ ಸುಮ್ನೆ ಬಿದ್ದಿದ್ದ ಹಳೇ ಆಂಡ್ರಾಯ್ಡ್ ಫೋನನ್ನೇ ಪ್ಲೇಯರ್ ಮಾಡಿಕೊಂಡೆ. ಸಿಮ್ ಇಲ್ಲ, ಏರೋಪ್ಲೇನ್ ಮೋಡ್ ಸದಾ ಆನ್, ಹಾಡಿಗೆ ವಿಎಲ್‌ಸಿ ಅನ್ನೋ ಆ್ಯಪ್. ಕರೆ, ಮೆಸೇಜು, ಜಾಹೀರಾತು ಯಾವ ಕಾಟವೂ ಇಲ್ಲ. ಇದರಲ್ಲಿ ಇಯರ್‌ಫೋನ್ ಜಾಕೂ ಇದೆ, ಮೆಮೊರಿ ಕಾರ್ಡ್ ಹಾಕುವ ಜಾಗವೂ ಇದೆ, ಇವತ್ತಿನ ಎಷ್ಟೋ ದುಬಾರಿ ಫೋನುಗಳಲ್ಲಿ ಇವೆರಡೂ ಇಲ್ಲ ಅಲ್ವಾ! 320 ಕೆಬಿಪಿಎಸ್‌ನಲ್ಲಿ (ಎಂಪಿ3ಯ ಅತಿ ಹೆಚ್ಚಿನ ಗುಣಮಟ್ಟ) 5 ನಿಮಿಷದ ಹಾಡು ಸುಮಾರು 12 ಎಂಬಿ, ಅಂದರೆ 128 ಜಿಬಿ ಕಾರ್ಡಿನಲ್ಲಿ ಹತ್ತು ಸಾವಿರ ಹಾಡು ಹಿಡಿಸುತ್ತದೆ.

ನನ್ನ ದೊಡ್ಡ ಚಿಂತೆ ಗುಂಡಿಗಳದ್ದಾಗಿತ್ತು. ಬಸ್ಸಲ್ಲಿ ನಿಂತಾಗ ಜೇಬಿನೊಳಗೇ ತಡಕಿ ಹಾಡು ಬದಲಿಸುವ ಸುಖ ಟಚ್‌ಸ್ಕ್ರೀನಿನಲ್ಲಿ ಎಲ್ಲಿ ಬರುತ್ತದೆ? ಇಯರ್‌ಫೋನ್ ವೈರಿನ ಗುಂಡಿಯನ್ನು ಎರಡು ಸಲ ಒತ್ತಿದರೆ ಮುಂದಿನ ಹಾಡು ಬರುತ್ತದೆ, ಅಲ್ಲಿಗೆ ಆ ಚಿಂತೆಯೂ ಮುಗಿಯಿತು.

ಜಾಕ್ ಇಲ್ಲದ ಫೋನ್ ಇರುವವರಿಗೆ ಒಂದು ಮಾತು. ಚಾರ್ಜಿಂಗ್ ಜಾಗಕ್ಕೆ ಇಯರ್‌ಫೋನ್ ಸಿಕ್ಕಿಸಲು ಟೈಪ್-ಸಿ ಕನ್ವರ್ಟರ್ ತಗೊಳ್ಳುವಾಗ ಒಳಗೆ ಡ್ಯಾಕ್ ಚಿಪ್ (ಡಿಜಿಟಲ್ ಹಾಡನ್ನು ಇಯರ್‌ಫೋನಿಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಚಿಪ್) ಇರುವುದನ್ನೇ ಕೇಳಿ ತಗೊಳ್ಳಿ. ಬರೀ ವೈರಿನದ್ದು ಕೆಲವು ಫೋನುಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ.

ಊದಿದ ಬ್ಯಾಟರಿಯ ಪ್ಲೇಯರನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಟ್ಟೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.